ಹಟ್ಟಿಯಲ್ಲಿ ಉಂಡವನು

೧೪ ನವೆಂಬರ್, ಬೆಳಿಗ್ಗೆ

ಎದ್ದ ಕೂಡಲೇ ಸೈಟಿನಲ್ಲಿ ಅಳಿಸುವ ಕೆಲಸ. ನಿನ್ನೆ ಯಾರ ಕುರಿ ಎಲ್ಲಿ ತಂಗಿತ್ತು ಎಂಬ ಮಾತು ಇವತ್ತು ಇರಬಾರದು. ಹಿಂಡು ಎದ್ದು ಹೊರಟಿತೆಂದರೆ ಗುರುತೂ ಹೋಗಬೇಕು. ಇಲ್ಲದಿದ್ದರೆ ಕುರಿಗಳ್ಳರಿಗೆ ನಾವೇ ದಾರಿ ತೋರಿಸಿದಂತೆ. ಚಹಾ ಆರಿಹೋಯಿತು. ಶಾಲೆಗೆ ಬೇರೆ ತಡ.

'ಹಟ್ಟಿ ದನಿ' ನಮ್ಮದೇ. ಮಾನ್ವಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಪೀರಾ ಸಾಬ್ ಕಟ್ಟಿದ ಸೈಟು. ನೋಡಿಕೊಳ್ಳುವವರು ಅವನೂ ನಾನೂ. ಸಂಬಳ ಇಲ್ಲ, ಜಾಹೀರಾತು ಇಲ್ಲ. ಓದು ಬಾರದ ಕುರಿಗಾರರು ಫೋನಿನ ಗುಂಡಿ ಒತ್ತಿ ಮಾತಾಡಿ ದನಿ ಹಾಕುತ್ತಾರೆ — ತೋಳ ಎಲ್ಲಿ ಬಂತು, ಯಾವ ಕೆರೆಯಲ್ಲಿ ನೀರಿದೆ, ಯಾರ ಗದ್ದೆಗೆ ಕುರಿಗೊಬ್ಬರ ಬೇಕು. ಒಳಗೆ ಬರಲು ಪಾಸ್‌ವರ್ಡ್ ಸಾಲದು. ಒಳಗಿನವರೊಬ್ಬರು "ಇಂವ ನಮ್ಮ ಹಟ್ಟ್ಯಾಗ ಉಂಡಾನ" ಎಂದು ಹೇಳಬೇಕು. ಬಯಲಲ್ಲಿ ಕುರಿ ಕೂಡಿಹಾಕುವ ಬಲೆಯ ಪಕ್ಕ ಕೂತು ನಮ್ಮ ರೊಟ್ಟಿ ತಿಂದವನು ಕೇಡು ಬಗೆಯುವುದಿಲ್ಲ. ಅಷ್ಟೇ ನಮ್ಮ ಕಾನೂನು.

೨೦ ನವೆಂಬರ್

ತಮ್ಮ ಹನುಮೇಶನ ದನಿ. "ಅಕ್ಕಾ, ಹೈದರಾಬಾದಿನಿಂದ ಕೃಷ್ಣ ಅಂತ ಒಬ್ಬಾಂವ ಬಂದಾನ. ಕುರಿ ರೋಗದ ಮ್ಯಾಲ ಏನೋ ಬರ್ಯಾಕತ್ತಾನಂತ. ದುರುಗಪ್ಪ ಕಾಕಾನ ಪಕ್ಕದಾಗ ಕುಂತು ಹಟ್ಟ್ಯಾಗ ಉಂಡಾನ. ಒಳಗ ತಗೋ."

ಪೀರಾ ಸಾಬ್ ಗೊಣಗಿದ. "ಟೀಚರ್, ಹಸಿವಾದ್ರ ಯಾರರ ಉಣ್ತಾರ್ರೀ. ಅದೇನು ಆಧಾರ್ ಕಾರ್ಡಾ?"

"ನಿನ್ನ ಅನುಮಾನಕ್ಕಿಷ್ಟು ಬೆಂಕಿ ಹಾಕ! ನೀ ಮೊದಲ ಹಟ್ಟಿಗೆ ಬಂದಾಗೂ ನಾವು ಇದನ್ನ ಕೇಳಿದ್ದು" ಎಂದೆ.

ಸೇರಿಸಿದೆ.

೮ ಡಿಸೆಂಬರ್

ದೊಡ್ಡ ಕಂಪನಿಯೊಂದು 'ಮಂದೆಮಿತ್ರ' ಅಂತ ಆ್ಯಪ್ ಬಿಟ್ಟಿದೆ. ಕುರಿ ಕೊಳ್ಳುವವರಿಗೆ, ಗೊಬ್ಬರ ಬೇಕಾದ ರೈತರಿಗೆ, ಲಸಿಕೆ ಹಾಕುವವರಿಗೆ — ನಿಮ್ಮ ಸುತ್ತಲಿನ ಹಿಂಡು ಹುಡುಕಿ! ನಕ್ಷೆ ತುಂಬ ಹಸಿರು ಚುಕ್ಕೆ. ಒಂದನ್ನು ಒತ್ತಿದೆ. 'ಅರಕೇರಾ ಹನುಮೇಶ, ಕುರ್ಡಿ ಹಳ್ಳದ ಪಕ್ಕ.' ನಿನ್ನೆ ಸಂಜೆ ಅವನು ನಮಗೆ ಹೇಳಿದ ಜಾಗ. ಬೆಳಿಗ್ಗೆ ನಾನು ಅಳಿಸಿದ ಜಾಗ.

ತೋಳದ ಬಗ್ಗೆ ಕೇಳಿದರೆ ಉತ್ತರವನ್ನೂ ಕೊಡುತ್ತದೆ. ದುರುಗಪ್ಪ ಕಾಕಾ ಹೇಳಿದ್ದೇ, ಮಾತಿಗೆ ಮಾತು. ಯಾವಳದೋ ನಯವಾದ ದನಿಯಲ್ಲಿ.

ಸೈಟಿನ ಲೆಕ್ಕ ತೆಗೆದು ನೋಡಿದೆವು, ಎಲ್ಲವೂ ಕೃಷ್ಣನ ಖಾತೆಯಿಂದಲೇ ಕಂಪನಿಗೆ ಹೋಗಿದೆ. ಪೀರಾ ಸಾಬ್ ಅದಕ್ಕೆ ಬೀಗ ಹಾಕಿದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಗೆ ಫೋನ್ ಮಾಡಿದೆ. "ಮೇಡಂ, ಅದು ಜನರೇ ಹಂಚಿಕೊಂಡ ಮಾಹಿತಿ ಅಲ್ವಾ? ನಿಮ್ಮನ್ನ ಕಮ್ಯುನಿಟಿ ಚಾಂಪಿಯನ್ ಮಾಡ್ತೀವಿ. ಸರ್ಟಿಫಿಕೇಟ್, ಟೀ ಶರ್ಟ್..."

"ಆ ಟೀ ಶರ್ಟ್ ನಿಮ್ಮ ಬಾಸಿನ ಹೆಣಕ್ಕ ಹಾಕ್ರಿ" ಎಂದೆ.

೧೧ ಡಿಸೆಂಬರ್

ನಸುಕಿನಲ್ಲಿ ಕಳ್ಳರು ಹಟ್ಟಿಗೆ ಬಂದಿದ್ದಾರೆ, ಪಿಕಪ್ ಗಾಡಿಯಲ್ಲಿ. ಮೊದಲು ನಾಯಿಗಳು — ಕೊಡಲಿ, ನೆತ್ತಿಗೆ. ಹನುಮೇಶನ ಬೆನ್ನಿಗೆ ಕಬ್ಬಿಣದ ರಾಡು. ದುರುಗಪ್ಪ ಕಾಕಾ ಬಲೆ ಹಿಡಿದು ನಿಂತ. ಬೆರಳು ಕಡಿದರೂ ಬಿಡಲಿಲ್ಲ. ಕುತ್ತಿಗೆಗೆ ಹೊಡೆದರು. ರಾಯಚೂರಿಗೆ ಒಯ್ಯುವಷ್ಟರಲ್ಲಿ... ಕಾಕಾ ಇಲ್ಲ.

ಅರ್ಧ ಹಿಂಡು ತುಂಬಿಕೊಂಡು ಹೋದರು. ಓಡುವಾಗ ಒಬ್ಬನ ಫೋನ್ ಕೆಸರಿಗೆ ಬಿತ್ತು. ಪರದೆಯ ಮೇಲೆ ಹಸಿರು ಚುಕ್ಕೆ.

೧೩ ಡಿಸೆಂಬರ್

ಕಾಕಾನ ಮಣ್ಣಿಗೆ ಹೋಗಿದ್ದೆ. ದುರುಗಮ್ಮ ಕಾಕಿ ಎಲ್ಲರೆದುರು ಕೆನ್ನೆಗೆ ಬಾರಿಸಿದಳು. "ಅವನ್ನ ಒಳಗ ಬಿಟ್ಟಾಕಿ ನೀನ ಅಲ್ಲೇನಬೇ? ನನ್ನ ಗಂಡನ ದನಿ ಮಾರ್ಕೊಂಡ್ಯಲ್ಲಬೇ!" ಇನ್ನೊಂದು ಕೆನ್ನೆಗೂ ಹೊಡೆದಳು. ಹೊಡೆಯಲಿ.

ಠಾಣೆಯಲ್ಲಿ ಕಳ್ಳನ ಫೋನ್ ಕೊಟ್ಟೆವು. "ಮ್ಯಾಪ್ ಕೊಡ್ಲಿ ಹಿಡೀತದೇನ್ರೀ ಮೇಡಂ?" ಎಂದು ನಕ್ಕರು. ಕಂಪನಿಯಿಂದ ಸಂತಾಪದ ಮೇಲ್. ಪರಿಶೀಲಿಸುತ್ತಾರಂತೆ.

೧೫ ಡಿಸೆಂಬರ್, ಸಂಜೆ

ಹಟ್ಟಿ ದನಿಯಲ್ಲಿ ಯಾರೂ ಮಾತಾಡುತ್ತಿಲ್ಲ. ಆದರೂ ಚುಕ್ಕೆಗಳು ಸರಿಯುತ್ತಿವೆ. ಹಳೆಯ ಮಾತಿನಿಂದ ದಾರಿ ಊಹಿಸುತ್ತದಂತೆ ಆ ಮೆಷಿನ್. ನಮ್ಮವರು ವರ್ಷವರ್ಷವೂ ಅದೇ ದಾರಿ ಹಿಡಿಯುವವರು. ಸರಿಯಾಗಿಯೇ ಊಹಿಸುತ್ತದೆ, ಹಾಳಾಗಿಹೋಗಲಿ! ಹನುಮೇಶನ ಉಳಿದ ಕುರಿಗಳ ಮೇಲೂ ಚುಕ್ಕೆ ಕೂತಿದೆ. ಕಳ್ಳರು ಮತ್ತೆ ಬರುತ್ತಾರೆ. ಈ ಸಲ ಸಾಯುವವನು ನನ್ನ ತಮ್ಮ.

ಅವನೇ ಬಂದಿದ್ದ. ಬೆನ್ನಿಗೆ ಪಟ್ಟಿ, ಕಣ್ಣು ಕೆಂಪು. "ಕೃಷ್ಣನ ಖಾತೆದ ಬೀಗ ತಗಿ ಅಕ್ಕಾ. ಕಂಪನಿ ಕೇಳ್ಲಿ. ನಾವು ಸುಳ್ಳು ಹೇಳೂಣು."

ಕುರ್ಡಿ ಹಳ್ಳದಾಚೆ ಖಾಲಿ ಗದ್ದೆ. ಕುರಿ ಇರುವುದಿಲ್ಲ, ಬರೀ ಬಲೆ. ಕಂಬಳಿ ಹೊದ್ದು ಹನುಮೇಶ, ಪರಮಣ್ಣ, ನಮ್ಮ ಇನ್ನಷ್ಟು ಹುಡುಗರು ಕೂರುತ್ತಾರೆ. ಕೊಡಲಿ ಇರುತ್ತದೆ.

ಪೀರಾ ಸಾಬ್ ಒಪ್ಪಲಿಲ್ಲ. "ಮ್ಯಾಪ್ ನೋಡಾವ್ರು ಬರೇ ಕಳ್ಳರ ಅಲ್ರೀ ಟೀಚರ್."

"ನಿಮ್ಮ ಮನ್ಯಾಗ ಹೆಣ ಬಿದ್ದಿಲ್ಲಲ್ಲ, ಅದಕ್ಕ ಹಿಂಗ ಮಾತಾಡ್ತಿ" ಎಂದೆ. ಫೋನ್ ಇಟ್ಟುಬಿಟ್ಟ.

ಬೀಗ ನಾನೇ ತೆಗೆದೆ. ನಾನೇ ಮಾತಾಡಿದೆ, ಕ್ಲಾಸಿನ ದನಿಯಲ್ಲಿ. ದುರುಗಪ್ಪನ ಉಳಿದ ಕುರಿ ಹಳ್ಳದಾಚೆ ಗದ್ದೆಯಲ್ಲಿವೆ, ಕಾಯಲು ಗಂಡಸರಿಲ್ಲ, ಮರಿಗಳಿಗೆ ಜ್ವರ, ಎಬ್ಬಿಸುವಂತಿಲ್ಲ. ಜ್ವರದ ಮಾತು ನನ್ನ ಸ್ವಂತದ್ದು. ಹಿಂಡು ಒಂದೇ ಕಡೆ ನಿಲ್ಲಲು ಕಾರಣ ಬೇಕಲ್ಲ.

ಹುಡುಗರಿಗೆ ಹೇಳಿದೆ: ಫೋನ್ ಬಂದ್ ಮಾಡಿರಿ, ಬೆಳಕು ಕಾಣಬಾರದು.

೧೬ ಡಿಸೆಂಬರ್, ಬೆಳಿಗ್ಗೆ

ಚುಕ್ಕೆ ಬಂದಿದೆ, ನಾನು ಹೇಳಿದ ಗದ್ದೆಯಲ್ಲೇ. ಕೆಳಗೆ ಬರಹ — 'ಕಾಯುವವರಿಲ್ಲ. ಮರಿಗಳಿಗೆ ಜ್ವರ.' ಖುಷಿಯಾಯಿತು. ಹೌದು, ಖುಷಿ. ಬರಲಿ ಸೂಳೆಮಕ್ಕಳು. ಒಬ್ಬೊಬ್ಬನ ಬೆರಳೂ ಕಾಕಾನ ಬೆರಳಂತೆ ಬೀಳಲಿ.

ಹೊರಗೆ ದಟ್ಟ ಮಂಜು. ಕುರ್ಡಿಯಲ್ಲೂ ಇರಬಹುದು.

ಸುಮಂಗಲಾ ಫೋನ್ ಮಾಡಿದ್ದಳು. ನಮ್ಮ ಶಾಲೆಯ ಕನ್ನಡ ಟೀಚರ್. ಗಂಡ ಮೌನಪ್ಪ ಊರೂರು ತಿರುಗಿ ಕುರಿಗಳಿಗೆ ಲಸಿಕೆ ಹಾಕುವವನು. "ನೇತ್ರಕ್ಕಾ, ನಾ ಬರೂತನಕ ಕಾಯ್ರಿ, ಸಾಲಿಗೆ ಕೂಡೇ ಹೋಗೂಣು. ಇವರನ್ನ ಕಳ್ಸೋದ್ರಾಗ ತಡಾ ಆತು. ಯಾವುದೋ ಆ್ಯಪ್‌ನ್ಯಾಗ ನೋಡಿದ್ರಂತ, ಕುರ್ಡ್ಯಾಗ ದುರುಗಪ್ಪನ ಮರಿಗೆ ಜ್ವರ ಅಂತ. ಪಾಪ, ಆ ಮನ್ಯಾಗ ಗಂಡಸರಿಲ್ಲ, ಪುಕ್ಕಟ ಸೂಜಿ ಹಾಕಿ ಬರ್ತೀನಿ ಅಂತ ನಸುಕಿನ್ಯಾಗ ಗಾಡಿ ತಗೊಂಡು ಹೋದ್ರು."

ಹನುಮೇಶನಿಗೆ ಫೋನ್. ಬಂದ್. ಪರಮಣ್ಣನಿಗೆ. ಬಂದ್. ಹಟ್ಟಿ ದನಿಯಲ್ಲಿ ಕಿರುಚಿದೆ — ಹೊಡೀಬ್ಯಾಡ್ರಿ, ಅಂವ ನಮ್ಮ ಮೌನಪ್ಪ! ಯಾರು ಕೇಳುತ್ತಾರೆ? ಪೀರಾ ಸಾಬ್ ಫೋನ್ ಎತ್ತಿದ. ಕುರ್ಡಿ ಗದ್ದೆಗೆ ಓಡು ಎಂದೆ. ಏನೂ ಕೇಳದೆ ಗಾಡಿ ಸ್ಟಾರ್ಟ್ ಮಾಡಿದ.

ಯವ್ವಾ... ಅವನು ಬೇಗ ಹೋಗಿ ಮುಟ್ಟಲಿ.

ಈಗ ಹನುಮೇಶನ ಫೋನ್. ಏದುಸಿರು, ಹಿಂದೆ ಗದ್ದಲ. "ಹೊಡದ್ವಿ ಅಕ್ಕಾ! ಒಬ್ಬನ ಬಂದಿದ್ದ. ಮಾರಿಗೆ ಮಫ್ಲರ್ ಸುತ್ತಿದ್ದ. ಕೈ ಎತ್ತಿ ಏನೋ ಹೇಳಾಕ ಬಂದ, ಪರಮಣ್ಣ ಕೊಡ್ಲಿ ಹಾಕೇಬಿಟ್ಟ. ಆಮ್ಯಾಲ ಎಲ್ಲಾರೂ... ಪೀರಾ ಸಾಬ್ ಈಗ ಬಂದು ಅವನ ತಲಿ ತೊಡಿ ಮ್ಯಾಲ ಇಟ್ಕೊಂಡು ಅಳಾಕತ್ತಾನ. ಯಾಕಕ್ಕಾ? ಚೀಲದಾಗ ಬರೇ ಸೂಜಿ ಅದಾವ."

ಹೊರಗೆ ಗೇಟಿನ ಸದ್ದು. ಸುಮಂಗಲಾ. "ನೇತ್ರಕ್ಕಾ, ಹೊಂಡೂಣೇನ್ರೀ? ನಿಮ್ಮ ಫೋನ್ ಕೊಡ್ರಿ, ನಂದರಾಗ ಚಾರ್ಜಿಲ್ಲ. ಇವರು ಮುಟ್ಟಿದ್ರೇನೋ ಕೇಳ್ತೀನಿ."

ಒಳಗೆ ಬರುತ್ತಿದ್ದಾಳೆ. ಚಪ್ಪಲಿ ಬಿಡುತ್ತಿದ್ದಾಳೆ. ನಾನು ಅವಳಿಗೆ