ಹದಿನಾಲ್ಕನೇ ಜಾಗದ ಬೆಂಕಿ

ಜುಲೈ 19, ಶನಿವಾರ

ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಸಂಜೆ ನದಿಯಂಚಿನಲ್ಲಿ ಡೇರೆ ಹಾಕುವ ಹದಿನಾಲ್ಕನೇ ಜಾಗದಲ್ಲಿ ಬೆಂಕಿ ಉರಿಯುತ್ತಿತ್ತು, ಡೇರೆಯ ಸುತ್ತ ಯಾರೂ ಇರಲಿಲ್ಲ. ಈ ಪಾರ್ಕಿನಲ್ಲಿ ಸ್ವಯಂಸೇವಕಿಯಾಗಿ ಇದು ನನ್ನ ಆರನೇ ಬೇಸಿಗೆ. ಕೈ ತಾನಾಗಿ ಬಕೆಟ್ ಎತ್ತಿತು. ನೀರು ಸುರಿದು, ಬೂದಿ ಕಲಕಿ, ಅಂಗೈ ಇಟ್ಟು ತಣ್ಣಗಾಗಿದೆಯೇ ಎಂದು ನೋಡಿಯೇ ಎದ್ದೆ.

ಅಷ್ಟರಲ್ಲಿ ಅಲ್ಲಿ ತಂಗಿದ್ದ ಮುದುಕ ಓರಿನ್ ನದಿಯಿಂದ ಬಂದ. ಕೈಯಲ್ಲಿ ಖಾಲಿ ಡಬ್ಬಿ. ತಮ್ಮನ ಚಿತಾಭಸ್ಮ ನೀರಿಗೆ ಬಿಟ್ಟು ಬಂದಿದ್ದನಂತೆ.

"ಅವನು ಹೋಗೋ ಹೊತ್ತಲ್ಲಿ ದಡದಲ್ಲಿ ಬೆಂಕಿ ಇರ್ಲಿ ಅಂತ ಹಚ್ಚಿಟ್ಟಿದ್ದೆ, ವೆರ್ನಾ."

ನಾನು ಖಾಲಿ ಬಕೆಟ್ ಬೆನ್ನ ಹಿಂದೆ ಸರಿಸಿದ್ದನ್ನು ಅವನು ನೋಡಿದ.

"ಹೋಗ್ಲಿ ಬಿಡಿ. ಮೂವತ್ತು ವರ್ಷ ಕಾಡ್ಗಿಚ್ಚು ಆರಿಸ್ದೋನು ಅವನು. ಇದ್ದಿದ್ರೆ ನನಗೇ ಬೈದು, ಬಕೆಟ್ ತಾನೇ ತರ್ತಿದ್ದ."

ನಾನು ತಂಗಿರುವ ಟ್ರೇಲರ್ ಮನೆಯ ಮುಂದಿನ ಒಲೆಯಿಂದ ಸಲಿಕೆ ತುಂಬ ಕೆಂಡ ಒಯ್ದೆ. ಒಣ ಸೌದೆಗೆ ಉರಿ ಹತ್ತಿತು. ಅವನು ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ. ಬೆಂಕೀನ ಒಂಟಿಯಾಗಿ ಬಿಡಬಾರ್ದು. ನಿಮ್ದೇ ರೂಲ್ಸು."

ಸ್ವಲ್ಪ ಹೊತ್ತು ಕೂತೆ. ಆಮೇಲೆ ಟ್ರೇಲರಿಗೆ ವಾಪಸ್ ಬಂದೆ.

ಹತ್ತು ಗಂಟೆಗೆ ಎಲ್ಲ ಬೆಂಕಿಯೂ ಆರಬೇಕು. ಗಡಿಯಾರದಲ್ಲಿ ಹತ್ತೂಕಾಲು. ಹದಿನಾಲ್ಕರಲ್ಲಿ ಇನ್ನೂ ಬೆಳಕು ಕಾಣುತ್ತಿದೆ. ಈ ಗಡಿಯಾರ ಸ್ವಲ್ಪ ಮುಂದಿರಬೇಕು.