ಹತ್ತು ಗಂಟೆಗೆ ಕಿತ್ತ ವೈರು

ನಿನ್ನ ಮನೆ, ಮೆಟ್ಟಿಲ ಪಕ್ಕದ ಕೋಣೆ
ಶುಕ್ರವಾರ, ತಾರೀಕು ಹದಿನಾಲ್ಕು

ಪ್ರೀತಿಯ ತಂಗೀ,

ಕಾಲಿನ ಬಾವು ಇಳಿಯಿತೇ? ರೋಗಿಗಳಿಗೆಲ್ಲ ‘ಕಾಲು ಎತ್ತರದಲ್ಲಿಟ್ಟು ಮಲಗಿ’ ಎಂದು ಗದರುವ ನರ್ಸಮ್ಮ, ತಾನು ಮಾತ್ರ ದಿನವಿಡೀ ನಿಂತೇ ಇರುತ್ತಾಳೆಂದು ನನಗೆ ಗೊತ್ತಿಲ್ಲವೇ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ನೀನು ವರ್ಗವಾಗಿ ಆ ಊರಿಗೆ ಹೊರಟ ದಿನವೇ ನಿನ್ನ ಮನೆ ನೋಡಿಕೊಳ್ಳಲು ಬಂದವನು, ಈ ನಾಲ್ಕು ತಿಂಗಳಲ್ಲಿ ಒಂದು ದಿನವೂ ಹಾಲು ಉಕ್ಕಿಸಿಲ್ಲ. (ಒಂದು ದಿನ ಉಕ್ಕಿತು. ಅದು ಹಾಲಿನದೇ ತಪ್ಪು.) ಫೋನು ಬಿಟ್ಟು ಅಣ್ಣ ಕಾಗದ ಯಾಕೆ ಬರೆದ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ಮಾತಾಡಿದರೆ ಮನೆಮಂದಿಗೆಲ್ಲ ಕೇಳಿಸುತ್ತದೆ. ಇದು ನಿನಗೊಬ್ಬಳಿಗೇ ಹೇಳುವ ಮಾತು.

ವಿಷಯ ಇಂಟರ್‌ನೆಟ್ಟಿನದು. ಮನೆಗೆಲ್ಲ ಒಂದೇ ವೈಫೈ ಡಬ್ಬಿ, ಮೂರು ಕಂಪ್ಯೂಟರು. ಭಾವನವರು ನಡುಮನೆಯಲ್ಲಿ ಕಟ್ಟಡದ ನಕ್ಷೆ ಬರೆದು ಆಫೀಸಿಗೆ ಕಳಿಸುತ್ತಾರೆ. ನಿನ್ನ ಮಗರಾಯ ಮಹಡಿಯಲ್ಲಿ ಓದುತ್ತೇನೆಂದು ಹೇಳಿ ಯಾರಿಗೋ ಗುಂಡು ಹೊಡೆಯುವ ಆಟ ಆಡುತ್ತಾನೆ. ಗುಬ್ಬಿಯ ಕೆಲಸ ನಿನಗೆ ಗೊತ್ತೇ ಇದೆ, ಆದರೂ ಹೇಳಿಕೊಳ್ಳುವುದೇ ನನಗೊಂದು ಜಂಬ: ದೂರದ ಕಾಲೇಜಿನಲ್ಲಿ ಮೇಷ್ಟರು ಆಡಿದ ಮಾತನ್ನು ನಿನ್ನ ಮಗಳು ಹಿಂದಿನ ಕೋಣೆಯಲ್ಲಿ ಕೂತು ಕೇಳಿಸಿಕೊಂಡು ಆ ಕ್ಷಣವೇ ಟೈಪು ಮಾಡುತ್ತಾಳೆ. ಅಲ್ಲಿ ಕಿವಿ ಕೇಳಿಸದ ಹುಡುಗಿಯೊಬ್ಬಳು ಅದನ್ನು ಪರದೆಯ ಮೇಲೆ ಓದಿಕೊಂಡು ಪಾಠ ಕಲಿಯುತ್ತಾಳೆ. ಆದರೆ ಗುಬ್ಬಿ ನಿನಗೆ ಹೇಳದೆ ಮುಚ್ಚಿಟ್ಟದ್ದೊಂದಿದೆ. ನೆಟ್ಟು ನಿಂತು ಎರಡು ಸಲ ಪಾಠ ಅರ್ಧಕ್ಕೇ ಕಡಿದುಹೋಯಿತು. ಮೂರನೇ ಸಲ ಹಾಗಾದರೆ ಕೆಲಸದಿಂದ ತೆಗೆಯುತ್ತೇವೆಂದು ಸೋಮವಾರ ಎಚ್ಚರಿಕೆ ಬಂತು. ಗುರುವಾರ ಹತ್ತು ಗಂಟೆಯ ಪಾಠವನ್ನು ಮೇಲಿನವರೇ ಕೂತು ನೋಡುವುದೆಂದೂ ಗೊತ್ತಾಯಿತು.

ಅವತ್ತಿನಿಂದ ಮನೆ ಮನೆಯಾಗಿರಲಿಲ್ಲ. ಮಗ ‘ಎಲ್ಲಾ ಅಪ್ಪನ ನಕ್ಷೆಗಳೇ ನುಂಗೋದು’ ಎಂದ. ಅಪ್ಪ ‘ನಿನ್ನ ಯುದ್ಧ ನಿಲ್ಲಿಸು ಮೊದಲು’ ಎಂದರು. ಆಮೇಲೆ ನನ್ನ ತಟ್ಟೆಯ ಕಡೆ ನೋಡುತ್ತ, ‘ನಾಲ್ಕು ತಿಂಗಳ ಹಿಂದೆ ಚೆನ್ನಾಗೇ ಇತ್ತಲ್ಲ’ ಎಂದು ಮೆಲ್ಲಗೆ ಸೇರಿಸಿದರು. ತಟ್ಟೆ ಬಿಟ್ಟು ಎದ್ದೆ ಕಣೇ. ನಾಲ್ಕು ತಿಂಗಳ ಹಿಂದೆ ಈ ಮನೆಗೆ ಹೊಸದಾಗಿ ಬಂದದ್ದು ನಾನೊಬ್ಬನೇ ತಾನೆ? ಬುಧವಾರ ರಿಪೇರಿಯವನು ಬಂದು ಡಬ್ಬಿ ನೋಡಿ, ‘ಒಳಗೆ ಬರೋದು ಸರಿಯಾಗೇ ಇದೆ ಯಜಮಾನ್ರೇ, ನಿಮ್ಮನೆಯಿಂದಲೇ ಏನೋ ಹೊರಗೆ ಹೋಗ್ತಾ ಇದೆ, ಹಗಲೂ ರಾತ್ರಿ’ ಎಂದು ಹೇಳಿ ಚೀಲ ಹೆಗಲಿಗೇರಿಸಿ ನಡೆದ. ಓದಿದವರು ಮೂವರೂ ಪಿಳಿಪಿಳಿ ಕಣ್ಣು ಬಿಟ್ಟರು. ಅರ್ಥವಾದದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ಕೈಮುಗಿದ ನನಗೆ. ಮೂವತ್ತು ವರ್ಷ ನೀರುಗಂಟಿಯಾಗಿ ಕಾಲುವೆಯ ತೂಬು ಎತ್ತಿ ಇಳಿಸಿ ಎಂಟು ಹಳ್ಳಿಗೆ ನೀರು ಹಂಚಿದವನು ನಾನು. ಸೋರುವ ಜಾಗ ಹುಡುಕಬೇಕಾದರೆ ತೂಬುಗಳನ್ನೆಲ್ಲ ಮುಚ್ಚಬೇಕು. ಆಮೇಲೂ ಎಲ್ಲಿ ನೀರು ಅಲುಗುತ್ತದೋ ಅಲ್ಲಿದೆ ತೂತು.

ಗುರುವಾರ ಒಂಬತ್ತೂಮುಕ್ಕಾಲಿಗೆ ಮುಚ್ಚಲು ಹೊರಟೆ. ಭಾವನವರ ಕಂಪ್ಯೂಟರು ಆರಿಸಿದೆ. ಮಗನದರ ವೈರನ್ನೇ ಕಿತ್ತು ಜೇಬಿಗಿಳಿಸಿದೆ. ನನ್ನ ಮೇಲೂ ಅನುಮಾನವಿತ್ತಲ್ಲ, ನನ್ನ ಫೋನನ್ನೂ ಆರಿಸಿ ಗುಬ್ಬಿಯ ಮೇಜಿನ ಮೇಲೆ ಟಪ್ಪೆಂದು ಇಟ್ಟೆ. ಡಬ್ಬಿಯ ದೀಪ ಮಾತ್ರ ಪಟಪಟ ಮಿಟುಕುತ್ತಲೇ ಇತ್ತು. ಹತ್ತು ಹೊಡೆಯಿತು, ಪಾಠ ಶುರುವಾಯಿತು. ಮೂರು ಪದ ಓಡುವುದು, ನಿಲ್ಲುವುದು. ಮತ್ತೆ ಎರಡು ಪದ, ಮತ್ತೆ ನಿಲ್ಲುವುದು. ಗುಬ್ಬಿಯ ಕಿವಿಗಳೆರಡೂ ಕೆಂಪಗಾಗಿದ್ದವು. ತಿರುಗಿ ನೋಡದೆ ನನ್ನತ್ತ ಒಂದು ಕೈ ಆಡಿಸಿದಳು, ಏನಾದರೂ ಮಾಡು ಎನ್ನುವ ಹಾಗೆ. ನಾನು ಹುಚ್ಚನಂತೆ ಓಡಿದೆ. ಟೀವಿ ಕಿತ್ತೆ, ಫ್ರಿಜ್ಜು ಕಿತ್ತೆ, ಇಸ್ತ್ರಿಪೆಟ್ಟಿಗೆ ಕಿತ್ತೆ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸಕ್ಕರೆ ಡಬ್ಬದ ಹಿಂದೆ ಬಿಳಿ ವೈರೊಂದು ಕಂಡಿತು. ತುದಿಯಲ್ಲಿ ನಿಂಬೆಹಣ್ಣಿನಷ್ಟು ಗುಂಡನೆಯದೇನೋ ಇತ್ತು. ಸೊಳ್ಳೆ ಓಡಿಸುವ ಯಂತ್ರವಿರಬೇಕೆಂದು ಅದನ್ನೂ ಕಿತ್ತೆ. ಹಿಂದಿನ ಕೋಣೆಯಿಂದ ಟೈಪಿನ ಸದ್ದು ಅಕ್ಕಿ ಸುರಿದ ಹಾಗೆ ಶುರುವಾಯಿತು. ಮತ್ತೆ ನಿಲ್ಲಲಿಲ್ಲ.

ಎರಡೇ ನಿಮಿಷ. ಭಾವನವರ ಫೋನು ಬಡಿದುಕೊಂಡಿತು. ನೀನು. ಡ್ಯೂಟಿಯ ಹೊತ್ತಿನಲ್ಲಿ ಯಾವತ್ತೂ ಫೋನು ಮಾಡದವಳು. ‘ಎಲ್ಲಾ ಚೆನ್ನಾಗಿದೀರಾ? ಅಡುಗೆಮನೇಲಿ ಏನಾದ್ರೂ...’ ಎಂದು ಶುರುಮಾಡಿ ಮಾತು ನುಂಗಿಕೊಂಡೆ. ಭಾವನವರು ‘ಏನಿಲ್ವಲ್ಲ, ಯಾಕೆ?’ ಎಂದರು. ನಾನು ನನ್ನ ಅಂಗೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದೆ. ಅದಕ್ಕೊಂದು ಕಣ್ಣಿತ್ತು, ಕ್ಯಾಮೆರಾದ ಕಣ್ಣು. ಹೊರಡುವ ದಿನ ನೀನೇ ಅದನ್ನಿಟ್ಟು ಹೋಗಿದ್ದೆ ಎಂದು ಆಗ ಹೊಳೆಯಿತು.

ತಂಗೀ, ಬೈಯಲು ಬರೆಯುತ್ತಿಲ್ಲ. ಪರವೂರಿನ ಒಂಟಿ ಕೋಣೆಯಲ್ಲಿ ಕೂತು ನಿನ್ನದೇ ಒಲೆಯನ್ನು ನೋಡಬೇಕೆನಿಸಿದರೆ ಅದು ತಪ್ಪೆಂದು ಯಾವ ಬಾಯಲ್ಲಿ ಹೇಳಲಿ? ನಾನು ಸಕ್ಕರೆ ಮುಕ್ಕುವುದನ್ನೂ ನೋಡಿರುತ್ತೀಯ, ಹೋಗಲಿ. ಆದರೆ ಸೋಮವಾರ ಗುಬ್ಬಿ ಆ ಒಲೆಯ ಕೆಳಗೆ ನೆಲದ ಮೇಲೆ ಕೂತು, ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳಲ್ಲ, ಅದನ್ನೂ ನೋಡಿದೆಯಲ್ಲವೇ? ನೋಡಿಯೂ ಕೇಳುವ ಹಾಗಿರಲಿಲ್ಲ ನಿನಗೆ. ಮಗಳು ಅಳುವುದೇಕೆಂದು ತಾಯಿಗೆ ತಿಳಿಯದು, ಅವಳನ್ನು ಅಳಿಸುತ್ತಿರುವುದು ಆ ಕಣ್ಣೇ ಎಂದು ಇಬ್ಬರಿಗೂ ತಿಳಿಯದು.

ಪಾಠ ಕೊನೆಯವರೆಗೂ ಕಡಿಯಲಿಲ್ಲ, ಅವಳ ಕೆಲಸ ಉಳಿಯಿತು. ಊರಿನ ಗೆಳೆಯರಿಗೆ ಹಗಲೂ ರಾತ್ರಿ ಹಾಡು ಕಳಿಸುತ್ತಿದ್ದ ನನ್ನ ಫೋನೇ ಆ ತೂತು ಎಂದು ಎಲ್ಲರ ಮುಂದೆ ಸುಳ್ಳೇ ಒಪ್ಪಿಕೊಂಡೆ. ನಿನ್ನೆಯಿಂದ ನಿನ್ನ ಮಗ ನನ್ನನ್ನು ‘ಸೋರುಮಾವ’ ಎನ್ನುತ್ತಾನೆ. ಆ ಕಣ್ಣು ನನ್ನ ಟ್ರಂಕಿನಲ್ಲಿ, ಟವೆಲಿನೊಳಗೆ ಇದೆ. ಮನೆಯವರಿಗೆ ನೀನೇ ಹೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ.

ನೂರು ಕಾಲ ತಣ್ಣಗಿರು. ಮನಸ್ಸಿಗೆ ಹಚ್ಚಿಕೊಂಡು ಅಳಬೇಡ.

ಇಂತಿ,
ನಿನಗಾಗಿ ಕಳ್ಳನಾದ ನಿನ್ನ ಅಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಗುಬ್ಬಿ ಬಂದಳು. ‘ಮಾವ, ಪಾಠ ಮುಗಿಯೋತನಕ ನಿನ್ನ ಫೋನು ನನ್ನ ಮೇಜಿನ ಮೇಲೆ ಆಫ್ ಆಗಿತ್ತಲ್ಲ? ಆದ್ರೂ ಮೊದಲು ನೆಟ್ಟು ನಿಲ್ತಿತ್ತು. ಮತ್ತೆ ಅಮ್ಮ ಯಾಕೆ ಗಾಬರಿಯಾಗಿ ಫೋನ್ ಮಾಡಿ ಅಡುಗೆಮನೆ ವಿಷಯ ಕೇಳಿದ್ಲು?’ ಎಂದಳು. ನಾನು ಲಕೋಟೆಯನ್ನು ಜೇಬಿಗೆ ತುರುಕಿ ಅವಳ ಹಿಂದೆ ಅಡುಗೆಮನೆಗೆ ನಡೆದೆ. ಸ್ಟೂಲು ಹತ್ತಿ ಆ ಹಲಗೆಯ ಮೇಲೆ ಬೆರಳಾಡಿಸಿದಳು. ಧೂಳಿನ ನಡುವೆ ದುಂಡಗೆ ಒಂದು ಗುರುತಿತ್ತು. ‘ಸೋಮವಾರ ನಾನು ಇಲ್ಲೇ ಕೂತಿದ್ದೆ’ ಎಂದಷ್ಟೇ ಹೇಳಿ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಅಂಚೆಗೆ ಹಾಕುವುದಿಲ್ಲ, ಸಂಜೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಸಿಕ್ಕ ಕೂಡಲೇ ಅವಳಿಗೆ ಫೋನು ಮಾಡು. ಮೊದಲು ‘ಮಗಳೇ, ಯಾಕೆ ಅತ್ತೆ?’ ಎಂದು ಕೇಳು, ಕ್ಷಮೆ ಆಮೇಲೆ ಕೇಳಿಕೊಂಡರಾಯಿತು.