ಎಲ್ಲಿ ಕೂತರೂ ಬಾಗಿಲು ಕಾಣಬೇಕು

ಮಹಡಿ ಮನೆ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹೋದ ಭಾನುವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಇವತ್ತು ಬೆಳಗ್ಗೆ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಆ ದ್ವೀಪದ ಗಾಳಿಯನ್ನು ಅಳೆಯುವುದು ನಿನ್ನ ಕೆಲಸ, ಒಪ್ಪಿದೆ. ಅದನ್ನೆಲ್ಲ ಎದೆಯೊಳಗೆ ತುಂಬಿಕೊಳ್ಳಬೇಕೆಂದು ನಿನ್ನ ಹವಾಮಾನ ಕೇಂದ್ರದವರು ಹೇಳಿಲ್ಲವಲ್ಲ! ಬಿಸಿನೀರು ಕುಡಿ, ಹೊರಗೆ ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೋ. ತಮ್ಮನಾದವನು ಅಕ್ಕನಿಗೆ ಬುದ್ಧಿ ಹೇಳುತ್ತಾನೆ ನೋಡು ಎಂದು ಮೂಗು ಮುರಿಯಬೇಡ. ಬೆಳಗ್ಗೆ ತಾನೇ ಫೋನು ಮಾಡಿದ್ದೆನಲ್ಲ, ಮತ್ತೆ ಪತ್ರವೇಕೆ ಎಂದೂ ಕೇಳಬೇಡ. ನಮ್ಮ ಫೋನು ಇರುವುದು ನಡುಮನೆಯಲ್ಲಿ, ಅದರ ಪಕ್ಕದ ಕುರ್ಚಿಯಲ್ಲಿ ಅಪ್ಪ. ಭಾನುವಾರ ಬಿಟ್ಟರೆ ನಿನಗೆ ಲೈನು ಸಿಗುವುದಿಲ್ಲ, ಭಾನುವಾರವೆಂದರೆ ಅಪ್ಪ ಆ ಕುರ್ಚಿ ಬಿಟ್ಟು ಏಳುವುದಿಲ್ಲ. ಈಗ ಊಟ ಮಾಡಿ ಒಳಗೆ ಮಲಗಿದ್ದಾರೆ. ಅವರು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಸುತ್ತು ಬಳಸದೆ ಹೇಳಿಬಿಡುತ್ತೇನೆ. ಅಪ್ಪನ ವಿಷಯದಲ್ಲಿ ನನಗೆ ಭಯವಾಗಿದೆ. ಅವರಿಗೆ ನನ್ನ ಗುರುತು ತಪ್ಪುತ್ತಿದೆಯೇನೋ ಎಂಬ ಭಯ. ನಾನು ಹುಟ್ಟು ಪುಕ್ಕಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡುವವನು ನಾನು. ಆದ್ದರಿಂದ ನನ್ನ ಭಯವನ್ನು ನಾನೇ ನಂಬುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀನೇ ತೀರ್ಮಾನ ಮಾಡು. ಬೆಳಗ್ಗೆ ನಿನ್ನ ಜೊತೆ ಅಷ್ಟು ಚೆನ್ನಾಗಿ ಮಾತಾಡಿದರಲ್ಲ, ಹಳೇ ರೈಲುಗಳ ಹೊತ್ತುಗೊತ್ತು ಎಲ್ಲ ಬಾಯಿಪಾಠದಂತೆ ಒಪ್ಪಿಸಿದರಲ್ಲ, ಅದೂ ನಿಜವೇ. ಅದನ್ನು ಕೇಳಿ ಅರ್ಧ ಗಂಟೆ ನನಗೂ ಧೈರ್ಯ ಬಂದಿತ್ತು.

ಪೇಟೆಯ ನಡುವಿನ ಹಳೇ ಬಸ್ ನಿಲ್ದಾಣದ ಜಾಗದಲ್ಲಿ ಹೊಸ ಸಾರ್ವಜನಿಕ ಗ್ರಂಥಾಲಯ ಬರುತ್ತಿದೆ, ಅದರ ನಕ್ಷೆಯ ಕೆಲಸ ನಮ್ಮ ಕಚೇರಿಗೆ ಸಿಕ್ಕಿದೆ ಎಂದು ಹೇಳಿದ್ದೆನಲ್ಲ. ನಮ್ಮ ದೊಡ್ಡ ಮೇಡಂ ಅವರ ಹಟ ನಿನಗೆ ಗೊತ್ತಿಲ್ಲ. ಊರಿನವರನ್ನು ಕೇಳದೆ ಒಂದು ಗೆರೆ ಎಳೆಯಕೂಡದು ಎಂದು ಕೂತಿದ್ದಾರೆ. ಹಾಗಾಗಿ ಪ್ರತಿ ಶನಿವಾರ ಸಂಜೆ ಅದೇ ನಿಲ್ದಾಣದ ಖಾಲಿ ಟಿಕೆಟ್ ಹಾಲ್‌ನಲ್ಲಿ ಸಭೆ. ಮಧ್ಯದ ಮೇಜಿನ ಮೇಲೆ ನಾನು ರಟ್ಟಿನಲ್ಲಿ ಮಾಡಿದ ಗ್ರಂಥಾಲಯ. ಚಾವಣಿ ಎತ್ತಿದರೆ ಒಳಗಿನ ಕೋಣೆಗಳು ಕಾಣುತ್ತವೆ, ಗೋಡೆಗಳನ್ನು ಕಿತ್ತು ಬೇರೆ ಕಡೆ ನಿಲ್ಲಿಸಬಹುದು. ಜನ ಬಂದು ತಮಗೆ ಬೇಕಾದ ಕಡೆ ಬಣ್ಣದ ಚೀಟಿ ಅಂಟಿಸಬೇಕು. ಮೊದಲ ದಿನ ಪುಸ್ತಕ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ ಅಕ್ಕಾ! ಎಲ್ಲರೂ ಶೌಚಾಲಯ ಎಲ್ಲಿ ಎಂದೇ ಕೇಳಿದರು. ಎದುರು ಸಾಲಿನ ಕ್ಷೌರಿಕ ತನ್ನ ಅಂಗಡಿಗಿಂತ ಮುಂಚೆ ಗ್ರಂಥಾಲಯಕ್ಕೆ ಪೇಪರು ಬಂದರೆ ತನ್ನ ಗಿರಾಕಿಗಳೆಲ್ಲ ಅಲ್ಲೇ ಕೂರುತ್ತಾರೆ ಎಂದು ತಕರಾರು ತೆಗೆದ. ಪರೀಕ್ಷೆಗೆ ಓದುವ ಹುಡುಗಿಯರು ಮೆಟ್ಟಿಲ ಹತ್ತಿರ ದೀಪ ಬೇಕು ಎಂದರು. ಒಬ್ಬಾಕೆ ಮಕ್ಕಳ ಕೋಣೆಯ ಗೋಡೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಹೋಗಿಬಿಟ್ಟರು. ಅದನ್ನು ನಾನು ಮತ್ತೆ ಕತ್ತರಿಸಿ ಅಂಟಿಸಬೇಕಾಯಿತು.

ಅಪ್ಪ ತಾನೂ ಬರುತ್ತೇನೆ ಎಂದರು. ನನಗೆ ಖುಷಿಯಾಯಿತು, ಜೊತೆಗೆ ಇರಿಸುಮುರಿಸೂ ಆಯಿತು. ಮನೆಯವರನ್ನೇ ಕರೆತಂದು ಕೂರಿಸಿ ಹೌದು ಹೌದು ಅನ್ನಿಸುತ್ತಿದ್ದಾನೆ ಎಂದು ಜನ ಆಡಿಕೊಳ್ಳಬಾರದಲ್ಲ. ಬನ್ನಿ, ಆದರೆ ಅಲ್ಲಿ ನಾನು ನಿಮ್ಮ ಮಗ ಎಂದು ತೋರಿಸಿಕೊಳ್ಳಬೇಡಿ ಎಂದೆ. ಅಪ್ಪನ ಕಣ್ಣು ಹೇಗೆ ಮಿನುಗಿತು ಎಂದು ನೀನು ನೋಡಬೇಕಿತ್ತು. ಹೇಳಿ ಕೇಳಿ ಅದು ಅವರ ಹಳೇ ಆಟ. ನೆನಪಿದೆಯಾ, ಅಮ್ಮನ ಜೊತೆ ನಾವು ಅಪ್ಪ ಡ್ಯೂಟಿಯಲ್ಲಿದ್ದ ರೈಲಿಗೇ ಹತ್ತುತ್ತಿದ್ದದ್ದು? ಕರಿ ಕೋಟಿನಲ್ಲಿ ಬಂದು, ನಮ್ಮನ್ನು ಯಾವ ಜನ್ಮದಲ್ಲೂ ಕಂಡಿಲ್ಲ ಎಂಬ ಮುಖ ಮಾಡಿ, "ಟಿಕೆಟ್ ತೋರ್ಸಮ್ಮಾ. ಯಾರಿದು ಈ ಹುಡುಗ? ಇವನಿಗೆ ಟಿಕೆಟ್ ಇಲ್ವಲ್ಲ, ಮುಂದಿನ ಸ್ಟೇಷನ್ನಲ್ಲಿ ಇಳಿಸ್ಬಿಡೋಣ" ಎನ್ನುತ್ತಿದ್ದರು. ನೀನು ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗುತ್ತಿದ್ದೆ. ನಾನು ಆಟವೆಂದು ಗೊತ್ತಿದ್ದೂ ಪ್ರತಿಸಲ ಅಳುತ್ತಿದ್ದೆ. ನನ್ನ ತುಟಿ ನಡುಗಲು ಶುರುವಾದ ಕೂಡಲೇ ಅಪ್ಪ ತಮ್ಮ ಕಿವಿಯ ಹಾಲೆ ಹಿಡಿದು ಜಗ್ಗಿಕೊಳ್ಳುತ್ತಿದ್ದರು. ಆಟ ಮುಗಿಯಿತು, ನಾನು ನಿಮ್ಮಪ್ಪನೇ ಎಂದು ಅರ್ಥ. ಆಮೇಲೆ ಕೋಟಿನ ಜೇಬಿನಿಂದ ಪೆಪ್ಪರಮಿಂಟು ಬರುತ್ತಿತ್ತು.

ಸಭೆಯಲ್ಲೂ ಹಾಗೇ ಆಯಿತು. ಕೈ ಎತ್ತಿ ಎದ್ದು ನಿಂತು, "ಸಾರ್, ತಾವು ಈ ಊರಿನವರೇನಾ?" ಎಂದು ಶುರು ಮಾಡಿದರು. ನನಗೆ ನಗು ಒತ್ತಿಕೊಂಡು ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು, ಸ್ವಲ್ಪ ಹೊತ್ತು ಗಂಭೀರವಾಗಿದ್ದು, ಕಿವಿ ಜಗ್ಗಿಕೊಂಡು, "ಹೆಂಗಿತ್ತೋ ಮೊಳೆ?" ಎಂದರು. ನೀನು ಹೇಗೆ ಗಿಣಿಯೋ ಹಾಗೆ ಈ ವಯಸ್ಸಿನಲ್ಲೂ ನಾನು ಅವರಿಗೆ ಮೊಳೆಯೇ. ಊಟ ಮಾಡಿದರೂ ಮೈ ಹತ್ತದ ಹುಡುಗ ಎಂದು ಇಟ್ಟ ಹೆಸರು ಹೋಗುವುದಾದರೂ ಹೇಗೆ!

ಈಗ ಅಪ್ಪ ಸಭೆಯಲ್ಲಿ ಕೇಳಿದ್ದೇನು ಎಂದು ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಓದು. ಮೊದಲು ಕೇಳಿದ್ದು, ಎಲ್ಲಿ ಕೂತರೂ ಬಾಗಿಲು ಕಾಣಬೇಕು ಎಂದು. "ಒಳಗೆ ಬಂದೋನಿಗೆ ಹೊರಗೆ ಹೋಗೋ ದಾರಿ ಕಣ್ಣಿಗೆ ಬೀಳ್ತಾ ಇರ್ಬೇಕು ಸಾರ್, ಇಲ್ದಿದ್ರೆ ಓದೋಕೆ ಮನಸ್ಸು ನಿಲ್ಲಲ್ಲ" ಎಂದರು. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ಮುಂದಿನ ಸಭೆಯಲ್ಲಿ, ಹತ್ತಿದ ಮೆಟ್ಟಿಲಲ್ಲೇ ಇಳಿಯುವಂತಿರಬೇಕು, ಒಂದು ಕಡೆ ಹತ್ತಿಸಿ ಇನ್ನೊಂದು ಕಡೆ ಇಳಿಸಬೇಡಿ ಎಂದರು. ಆಮೇಲೆ ಒಂದೊಂದು ಮಹಡಿಗೆ ಒಂದೊಂದು ಬಣ್ಣ ಕೇಳಿದರು. ಎಲ್ಲ ಕೋಣೆಯಲ್ಲೂ ಗಡಿಯಾರ, ಅದರ ಕೆಳಗೆ ಇವತ್ತು ಯಾವ ವಾರ ಎಂದು ದೊಡ್ಡದಾಗಿ ಬರೆದ ಹಲಗೆ. ಬಾಗಿಲ ಹೊರಗೆ ಒಂದು ಬೆಂಚು, ಕರೆದುಕೊಂಡು ಹೋಗುವವರು ಬರುವ ತನಕ ಕೂತಿರಲು. ಇದೆಲ್ಲ ಎಷ್ಟು ಒಳ್ಳೆಯ ಮಾತುಗಳು ಎಂದರೆ ಹಾಲ್‌ನಲ್ಲಿದ್ದವರೆಲ್ಲ ಅವರು ಹೇಳಿದ ಕಡೆಯೇ ಚೀಟಿ ಅಂಟಿಸಿದರು. ನಡುವೆ ಇದ್ದ ಕಪಾಟುಗಳನ್ನೆಲ್ಲ ನಾನು ಗೋಡೆಗೆ ಸರಿಸಿ, ಬಾಗಿಲಿಗೆ ಅಡ್ಡವಾಗದಂತೆ ನಕ್ಷೆ ಬದಲಾಯಿಸಿದೆ. ಆ ಹಿರಿಯರು ಯಾರು, ಅವರ ತಲೆ ಏನು ಚುರುಕು ಎಂದು ಮೇಡಂ ನನ್ನನ್ನೇ ಕೇಳಿದರು. ಗೊತ್ತಿಲ್ಲ ಮೇಡಂ ಎಂದು ಹೇಳಿ ಒಳಗೊಳಗೇ ಉಬ್ಬಿಹೋದೆ.

ಕಿವಿ ಜಗ್ಗುವುದು ಯಾವಾಗ ನಿಂತಿತು ಎಂಬುದು ನನ್ನ ಗಮನಕ್ಕೇ ಬರಲಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ. ಮಳೆ ಬಂದ ಒಂದು ಶನಿವಾರ ಸಭೆ ಮುಗಿದ ಮೇಲೆ ರಟ್ಟಿನ ಮಾದರಿಯನ್ನು ಮುಚ್ಚಿಟ್ಟು ಹೊರಗೆ ಬಂದರೆ ಅಪ್ಪ ಇರಲಿಲ್ಲ. ಬಸ್ಸಿಗೆ ನಿಲ್ಲುವ ಜಾಗದಲ್ಲೂ ಇಲ್ಲ. ಹುಡುಕಿಕೊಂಡು ಹೋದರೆ ಕ್ಷೌರಿಕನ ಅಂಗಡಿಯ ಮುಂದೆ, ಸೂರಿನ ಕೆಳಗೆ ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಒಳ್ಳೇದಾಯ್ತು ಸಾರ್ ನೀವು ಸಿಕ್ಕಿದ್ದು. ಈ ಕಡೆಯಿಂದ ಬಸ್ಸು ಯಾವುದು ಹೋಗುತ್ತೆ?" ಎಂದರು. ಆಟವನ್ನು ಬೀದಿಗೂ ತಂದರಲ್ಲ ಎಂದುಕೊಂಡು ನಾನೂ ಆಡಿದೆ, ಬನ್ನಿ ಯಜಮಾನ್ರೇ, ನಾನೂ ಅದೇ ಕಡೆ ಹೋಗ್ತಿದ್ದೀನಿ ಎಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕಾದೆ. ಅವರ ಕೈ ಕಿವಿಯ ಹತ್ತಿರ ಹೋಗುತ್ತದೆ ಎಂದು ನೋಡುತ್ತಲೇ ಇದ್ದೆ. ಕೈ ಮಡಿಲಲ್ಲೇ ಇತ್ತು. ನಮ್ಮ ಬೀದಿ ಬಂದಾಗ ಮಾತ್ರ ತಾವಾಗಿಯೇ ಎದ್ದು, ಗೇಟು ತೆಗೆದು, ಮೆಟ್ಟಿಲು ಹತ್ತಿ, ಸ್ಟವ್ ಹಚ್ಚಿ ಇಬ್ಬರಿಗೂ ಚಹಾ ಮಾಡಿದರು. ಸಕ್ಕರೆ ಸರಿಯಾಗಿತ್ತು. ಸಕ್ಕರೆ ಸರಿಯಾಗಿತ್ತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಅವತ್ತಿನಿಂದ ನಾನು ಕಳ್ಳನ ಹಾಗೆ ಅಪ್ಪನನ್ನು ಗಮನಿಸುತ್ತಿದ್ದೇನೆ. ಮನೆಯಲ್ಲಿ ಅವರು ನನ್ನನ್ನು ಮೊಳೆ ಎಂದು ಕರೆದು ಬಹಳ ದಿನವಾಯಿತು. ಬೈಯುವುದೂ ಇಲ್ಲ. ದೀಪ ಆರಿಸದೆ ಹೋದರೆ ಬೈಯಬೇಕಿತ್ತಲ್ಲ, ಸುಮ್ಮನೆ ತಾವೇ ಆರಿಸುತ್ತಾರೆ, ಬೇರೆಯವರ ಮನೆಯಲ್ಲಿ ಇರುವವರ ಹಾಗೆ. ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದೆನಲ್ಲ, ಅದು ನಿನ್ನ ಫೋನಿಗಾಗಿ ಎಂದುಕೊಂಡಿದ್ದೆ. ಮೊನ್ನೆ ಅವರು ಸ್ನಾನಕ್ಕೆ ಹೋದಾಗ ನಾನು ಹೋಗಿ ಅದರಲ್ಲಿ ಕೂತು ನೋಡಿದೆ. ಇಡೀ ಮನೆಯಲ್ಲಿ ಬಾಗಿಲು ಕಾಣುವುದು ಆ ಕುರ್ಚಿಯಿಂದ ಮಾತ್ರ. ಅವರು ಸಭೆಯಲ್ಲಿ ಕೊಟ್ಟದ್ದು ಸಲಹೆಗಳಲ್ಲ ಅಕ್ಕಾ. ಅವರಿಗೆ ಯಾವ ಯಾವುದು ಕೈತಪ್ಪುತ್ತಿದೆ ಎಂಬುದನ್ನು ಒಂದೊಂದಾಗಿ ಹೇಳಿದ್ದಾರೆ. ದಾರಿ, ಮೆಟ್ಟಿಲು, ಹೊತ್ತು, ವಾರ. ಮನೆಯಲ್ಲಿ ಮಗನಿಗೆ ಹೇಳಲು ಬಾಯಿ ಬರದೆ, ಸಭೆಯಲ್ಲಿ ಎದ್ದು ನಿಂತು ಗುರುತಿಲ್ಲದ ಎಂಜಿನಿಯರಿಗೆ ಹೇಳಿದರೇ? ಅಥವಾ ಆಗಲೇ ನಾನು ನಿಜವಾಗಿಯೂ ಗುರುತಿಲ್ಲದವನಾಗಿದ್ದೆನೇ? ಎರಡರಲ್ಲಿ ಯಾವುದು ಎಂದು ನನಗೆ ತಿಳಿಯುತ್ತಿಲ್ಲ. ಕಚೇರಿಯಲ್ಲಿ ಆ ನಕ್ಷೆ ಬಿಡಿಸಿಟ್ಟರೆ ಎಲ್ಲರಿಗೂ ಗ್ರಂಥಾಲಯ ಕಾಣುತ್ತದೆ, ನನಗೆ ಅಪ್ಪನ ಹೆದರಿಕೆ ಕಾಣುತ್ತದೆ. ಅದಕ್ಕೆ ನಾನೇ ಅಳತೆ ಹಾಕಿದ್ದೇನೆ.

ಡಾಕ್ಟರ ಹತ್ತಿರ ಯಾಕೆ ಕರೆದುಕೊಂಡು ಹೋಗಿಲ್ಲ ಎಂದು ನೀನು ರೇಗುತ್ತೀಯ. ಒಂದು ಸಲ ಬಾಯಿ ಬಿಟ್ಟೆ, "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ನಕ್ಕರು. ನಾನೂ ಬಲವಂತ ಮಾಡಲಿಲ್ಲ, ನನಗೇ ಧೈರ್ಯವಿಲ್ಲ. ಡಾಕ್ಟರು ಇವರು ಯಾರು ಎಂದು ನನ್ನನ್ನು ತೋರಿಸಿ ಕೇಳಿದರೆ? ಬರುವ ಶನಿವಾರ ಕೊನೆಯ ಸಭೆ. ಆವತ್ತು ನಕ್ಷೆ ಗಟ್ಟಿಯಾಗುತ್ತದೆ, ಊರಿನವರ ಪರವಾಗಿ ಆ ಹಿರಿಯರೇ ಮಾತಾಡಲಿ ಎಂದು ಮೇಡಂ ಹಟ ಹಿಡಿದಿದ್ದಾರೆ. ಅಪ್ಪ ಒಪ್ಪಿಕೊಂಡು ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಿದ್ದಾರೆ. ಬೇಡ ಎನ್ನಲು ಮನಸ್ಸಿಲ್ಲ, ಹೋಗಲಿ ಎನ್ನಲು ಧೈರ್ಯವಿಲ್ಲ. ನಡುವೆ ಮಾತು ತಪ್ಪಿ, ಅಷ್ಟು ಜನರ ಮುಂದೆ ದಿಕ್ಕು ತೋಚದೆ ನಿಂತುಬಿಟ್ಟರೆ ನಾನು ಎಲ್ಲಿ ನೋಡಲಿ? ಎದ್ದು ಹೋಗಿ ಕೈ ಹಿಡಿದರೆ, ಯಾರಪ್ಪಾ ನೀನು ಎಂದುಬಿಟ್ಟರೆ?

ಇಷ್ಟೆಲ್ಲ ಬರೆದ ಮೇಲೆ ಓದಿ ನೋಡಿದರೆ ನನಗೇ ನಾಚಿಕೆಯಾಗುತ್ತಿದೆ. ಇದು ನನ್ನ ಪುಕ್ಕಲುತನವೇ ಇರಬಹುದು. ಆಟವನ್ನು ಸ್ವಲ್ಪ ಎಳೆಯುತ್ತಿದ್ದಾರೆ ಅಷ್ಟೇ, ನನ್ನ ತುಟಿ ನಡುಗಲಿ ಎಂದು ಕಾಯುತ್ತಿದ್ದಾರೆ ಅಷ್ಟೇ. ನೀನು ಕೆಲಸ ಬಿಟ್ಟು ಓಡಿ ಬರಬೇಡ. ಬೇಸಿಗೆಗೆ ನಿನ್ನ ಅವಧಿ ಮುಗಿಯುತ್ತದಲ್ಲ, ಆಗ ನಿಧಾನವಾಗಿ ಬಾ. ನಿನ್ನ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದೇನೆ. ಕೇಂದ್ರದಲ್ಲಿ ನಿನ್ನ ಜೊತೆ ಇರುವ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸು, ನಿನಗೆ ಕಷಾಯ ಮಾಡಿಕೊಡುವ ಪುಣ್ಯ ಅವರದ್ದು. ಅಲ್ಲಿಯವರೆಗೆ ಇಲ್ಲಿ ನಾನಿದ್ದೇನೆ, ಹೆದರಿಕೊಂಡಾದರೂ ಇದ್ದೇನೆ.

ನಿನ್ನ ಪುಕ್ಕಲ ತಮ್ಮ,
ಮೊಳೆ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಎದ್ದು ಬಂದರು. ಬಾಗಿಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿ, "ಯಾಕೆ ಸಾರ್, ಇನ್ನೂ ಯಾರೂ ಬಂದಿಲ್ವಾ ಸಭೆಗೆ?" ಎಂದರು. ನಮ್ಮ ಮನೆಯಲ್ಲಿ, ಅಕ್ಕಾ. ನಾನು ನಗಲು ನೋಡಿದೆ. ಆಮೇಲೆ ಅವರ ಕಣ್ಣನ್ನೇ ನೋಡುತ್ತಾ ನನ್ನ ಕಿವಿಯ ಹಾಲೆಯನ್ನು ನಾನೇ ಹಿಡಿದು ಜಗ್ಗಿದೆ, ಸಾಕು ಅಪ್ಪ, ಆಟ ಮುಗಿಯಿತು ಎಂದು. ಹತ್ತಿರ ಬಂದರು. ಬಗ್ಗಿ ನನ್ನ ಕಿವಿಯನ್ನು ಕಾಳಜಿಯಿಂದ ನೋಡಿದರು. "ಕಿವಿ ನೋಯ್ತಾ ಇದ್ಯಾ ಸಾರ್? ಗಾಳಿ ಹೊಡೆದಿರ್ಬೇಕು. ನಮ್ಮ ಗಿಣಿ ಬರ್ತಾಳೆ ಇರಿ, ಗಾಳಿ ವಿಷಯ ಎಲ್ಲ ಅವಳಿಗೆ ಚೆನ್ನಾಗಿ ಗೊತ್ತು" ಎಂದರು. ನಿನ್ನ ಹೆಸರು ಇನ್ನೂ ಇದೆ. ಮೇಲೆ ಬರೆದದ್ದನ್ನು ಬಿಡು, ಬೇಸಿಗೆಯವರೆಗೆ ಕಾಯಬೇಡ. ಈ ಪತ್ರ ತಂದ ದೋಣಿಯಲ್ಲೇ ಹೊರಟು ಬಾ.